ಬಾಸ್ಟನ್ ಕಡಲಿನಲ್ಲಿ ಗಾಳ ಹಾಕಲು ಯಾವ ತಿಂಗಳು ಒಳ್ಳೆಯದು?

ಪ್ರಶ್ನೆ: ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯಲ್ಲಿ ಗಾಳ ಹಾಕುತ್ತಲೇ ಬೆಳೆದವನು. ಈಗ ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಇದ್ದೇನೆ. ವೊಲಾಸ್ಟನ್ ಬೀಚು ಮನೆಗೆ ಹತ್ತಿರ. ಹೋದ ವರ್ಷ ಹೊಸ ರಾಡು, ರೀಲು ತಂದು ಏಪ್ರಿಲ್ ಮೊದಲ ವಾರ ನಿಂತೆ. ಜುಲೈನಲ್ಲೂ ಕೆಲವು ಮಧ್ಯಾಹ್ನ ನಿಂತೆ. ಒಂದೂ ಕಚ್ಚಲಿಲ್ಲ. ಇಲ್ಲಿ ಯಾವ ತಿಂಗಳು ಯಾವ ಮೀನು? ಎಲ್ಲಿ ನಿಲ್ಲಬೇಕು? ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಹೋಗುವ ಆಸೆ ಇದೆ. ಹಿಡಿದದ್ದನ್ನು ತಿನ್ನಬಹುದಾ?

ಉತ್ತರ: ನಿಮ್ಮ ಕೈಯಲ್ಲೂ ತಪ್ಪಿಲ್ಲ, ರಾಡಿನಲ್ಲೂ ತಪ್ಪಿಲ್ಲ. ಏಪ್ರಿಲ್ ಮೊದಲ ವಾರ ನೀವು ನಿಂತ ನೀರಿಗೆ ಸ್ಟ್ರೈಪರ್ ಇನ್ನೂ ಬಂದೇ ಇರಲಿಲ್ಲ. ಇಲ್ಲಿ ಎಲ್ಲರೂ ಬೆನ್ನು ಹತ್ತುವ ಮೀನು ಅದೇ, ಪೂರ್ತಿ ಹೆಸರು ಸ್ಟ್ರೈಪ್ಡ್ ಬಾಸ್. ದೊಡ್ಡ ಹೆಣ್ಣು ಮೀನುಗಳು ಆಗ ದೂರದ ದಕ್ಷಿಣದಲ್ಲಿ, ಚೆಸಪೀಕ್ ಕೊಲ್ಲಿಗೆ ಸೇರುವ ಹೊಳೆಗಳಲ್ಲಿ ಮೊಟ್ಟೆಯಿಡುವ ತಯಾರಿಯಲ್ಲಿದ್ದವು. ಜುಲೈನಲ್ಲಿ ಮೀನು ಖಂಡಿತ ಇತ್ತು. ಆದರೆ ವೊಲಾಸ್ಟನ್ ತೀರ ಸಪಾಟು. ಇಳಿತದಲ್ಲಿ ನೀರು ದೂರ ಸರಿದು ಕೆಸರು ಕಾಣುತ್ತದೆ. ಮೇಲೆ ಸುಡುವ ಬಿಸಿಲು, ಕೆಳಗೆ ಮೊಣಕಾಲುದ್ದ ನೀರು. ಅಲ್ಲಿಗೆ ಯಾವ ದೊಡ್ಡ ಮೀನು ಬರುತ್ತದೆ ಹೇಳಿ? ಅದೇ ಜಾಗದಲ್ಲಿ ಬೆಳಗಿನ ಜಾವ, ತುಂಬು ಉಬ್ಬರದಲ್ಲಿ ನಿಂತಿದ್ದರೆ ನಿಮ್ಮ ಪತ್ರ ಬೇರೆ ಥರ ಇರುತ್ತಿತ್ತೇನೋ.

ಊರಿನ ಲೆಕ್ಕ ಇಲ್ಲಿ ನಡೆಯದಿರುವುದಕ್ಕೆ ಕಾರಣ ಇದೆ. ಅಘನಾಶಿನಿಯಲ್ಲಿ ನೀರು ವರ್ಷವಿಡೀ ಬೆಚ್ಚಗೇ ಇರುತ್ತದೆ. ಅಲ್ಲಿ ಕಾಲ ಬದಲಾಗುವುದು ಮಳೆಯಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಅದೇ ಎರಡು ತಿಂಗಳು ಭರ್ಜರಿ ಸೀಸನ್. ಇಲ್ಲಿ ಮಳೆ ಲೆಕ್ಕಕ್ಕಿಲ್ಲ, ನೀರಿನ ಚಳಿಯೇ ಎಲ್ಲ. ಫೆಬ್ರವರಿಯಲ್ಲಿ ಬಾಸ್ಟನ್ ಬಂದರಿನ ನೀರು ಸುಮಾರು 3–4 ಡಿಗ್ರಿ ಸೆಲ್ಸಿಯಸ್. ಆಗಸ್ಟ್‌ನಲ್ಲಿ 18ರ ಆಸುಪಾಸು. ಸ್ಟ್ರೈಪರ್‌ಗೆ ಹಿತವಾದದ್ದು 13ರಿಂದ 20 ಡಿಗ್ರಿ. ಅಷ್ಟು ಬಿಸಿ ಏರುವ ಹೊತ್ತಿಗೆ ಮೊದಲು ಸಣ್ಣ ಮೀನು ಬರುತ್ತದೆ, ಅದರ ಹಿಂದೆ ದೊಡ್ಡದು. ಜಾತ್ರೆ ಎಲ್ಲೋ ಬಳೆ ಅಂಗಡಿ ಅಲ್ಲೇ, ಅಲ್ವಾ? ಹಾಗಾಗಿ ಕ್ಯಾಲೆಂಡರ್ ನೋಡಿ ಹೊರಡಬೇಡಿ. ಈ ವಾರ ನೀರಿನಲ್ಲಿ ಯಾವ ಸಣ್ಣ ಮೀನು ಓಡಾಡುತ್ತಿದೆ ಅಂತ ವಿಚಾರಿಸಿ. ಗಾಳದ ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ.

ಒಂದು ಭೂಗೋಳದ ಮಾತು ಮೊದಲೇ ಹೇಳಿಬಿಡುತ್ತೇನೆ. ಕೇಪ್ ಕಾಡ್ ಇಲ್ಲಿನ ಕಡಲನ್ನು ಎರಡು ಭಾಗ ಮಾಡುತ್ತದೆ. ಅದರ ಉತ್ತರಕ್ಕೆ, ಅಂದರೆ ನಿಮ್ಮ ಬಾಸ್ಟನ್ ಕಡೆ, ಮೇನ್ ಕೊಲ್ಲಿಯ ತಣ್ಣನೆ ನೀರು. ದಕ್ಷಿಣಕ್ಕೆ ಬಜರ್ಡ್ಸ್ ಬೇ, ರೋಡ್ ಐಲ್ಯಾಂಡಿನ ನ್ಯಾರಗಾನ್ಸೆಟ್ ಬೇ. ಅಲ್ಲಿ ಆಳ ಕಡಿಮೆ, ನೀರು ಬೇಗ ಬಿಸಿಯಾಗುತ್ತದೆ. ದಕ್ಷಿಣದಲ್ಲಿ ಏಪ್ರಿಲ್ ಕೊನೆಗೆ ಶುರುವಾಗುವ ಆಟ ನಿಮ್ಮ ಕಡೆ ಶುರುವಾಗಲು ಎರಡು ಮೂರು ವಾರ ತಡ. ಕೆಲವು ಮೀನುಗಳಂತೂ ದಕ್ಷಿಣದಲ್ಲೇ ಜಾಸ್ತಿ. ಸ್ಕಪ್, ಟಾಟಾಗ್ ಬೇಕಿದ್ದರೆ ಕಾರು ಹತ್ತಿ ಕೆಳಗೆ ಹೋಗಲೇಬೇಕು.

ವಸಂತವನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಏಪ್ರಿಲ್‌ನಲ್ಲಿ ಹೊಳೆಗಳ ನೀರು 10 ಡಿಗ್ರಿ ಹತ್ತಿರ ಬಂದಾಗ ಹೆರಿಂಗ್ ಮೀನು ಕಡಲಿನಿಂದ ಸಿಹಿನೀರಿಗೆ ಮೊಟ್ಟೆಯಿಡಲು ಏರುತ್ತದೆ. ನಿಮ್ಮ ಪಕ್ಕದ ವೇಮೌತ್‌ನ ಬ್ಯಾಕ್ ರಿವರ್‌ನಲ್ಲಿ ಇದು ದೊಡ್ಡ ಮಟ್ಟದಲ್ಲೇ ನಡೆಯುತ್ತದೆ. ಊರ ನಡುವೆ, ಕಲ್ಲುಕಟ್ಟೆಯ ಮೆಟ್ಟಿಲುಗಳಲ್ಲಿ ಮೀನು ಸೆಳೆತಕ್ಕೆ ಎದುರಾಗಿ ಈಜಿ ಏರುವುದನ್ನು ನಿಂತು ನೋಡಬಹುದು. ಮಗಳನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ. ಗಾಳ ಬೇಡ. ಸುಮ್ನೆ ನೋಡಲಿ. ಹೆರಿಂಗ್ ಹಿಡಿಯುವುದು, ಇಟ್ಟುಕೊಳ್ಳುವುದು ಮ್ಯಾಸಚೂಸೆಟ್ಸ್‌ನಲ್ಲಿ 2006ರಿಂದ ನಿಷೇಧ. ಕೈಯಲ್ಲಿ ಒಂದು ಹೆರಿಂಗ್ ಸಿಕ್ಕಿಬಿದ್ದರೂ ದಂಡ ತೆರಬೇಕಾಗುತ್ತದೆ.

ಆ ಹೆರಿಂಗ್ ಹಿಂದೆಯೇ ಸ್ಟ್ರೈಪರ್ ಬರುತ್ತದೆ. ಬಾಸ್ಟನ್ ಸುತ್ತ ಮೇ ಎರಡನೆಯ, ಮೂರನೆಯ ವಾರ ಅಂದುಕೊಳ್ಳಿ. ಲೈಲಾಕ್ ಹೂ ಬಿಟ್ಟರೆ ಸ್ಟ್ರೈಪರ್ ಬಂತು ಅಂತ ಇಲ್ಲಿನ ಹಳಬರು ಹೇಳುತ್ತಾರೆ. ಅದೇನೂ ಸುಳ್ಳಲ್ಲ. ಹೂವಿಗೂ ಮೀನಿಗೂ ಬೇಕಾದದ್ದು ಅದೇ ಬೆಚ್ಚಗಿನ ವಾರ. ಮೊದಲು ಬರುವವು ಮೊಳದುದ್ದದ ಮರಿಗಳು. ಇಲ್ಲಿ ಅವನ್ನು ಸ್ಕೂಲಿ ಅನ್ನುತ್ತಾರೆ. ಇವು ಗುಂಪಾಗಿ ಬರುತ್ತವೆ, ಹಸಿದಿರುತ್ತವೆ, ಜಾಸ್ತಿ ಯೋಚನೆ ಮಾಡುವುದಿಲ್ಲ. ಹೊಸಬರ ಗಾಳಕ್ಕೆ ಸಿಗುವುದು ಇವೇ.

ಇಲ್ಲಿ ನಿಮ್ಮ ಅಘನಾಶಿನಿ ವಿದ್ಯೆ ಪೂರ್ತಿ ಕೆಲಸಕ್ಕೆ ಬರುತ್ತದೆ. ಅಳಿವೆಯಲ್ಲಿ ಇಳಿತದ ನೀರು ಹೊರಗೆ ಓಡುವಾಗ ಸಣ್ಣ ಮೀನು, ಸಿಗಡಿ ಎಲ್ಲ ಅದರ ಜೊತೆ ಎಳೆದುಕೊಂಡು ಬರುತ್ತವೆ. ದೊಡ್ಡ ಮೀನು ಅಳಿವೆಯ ಬಾಯಿಯಲ್ಲಿ, ಕಲ್ಲಿನ ಮರೆಯಲ್ಲಿ ಕಾದಿರುತ್ತದೆ. ಬ್ಯಾಕ್ ರಿವರ್, ಫೋರ್ ರಿವರ್, ನೆಪಾನ್ಸೆಟ್ ಹೊಳೆಗಳ ಬಾಯಿಯಲ್ಲೂ ನಡೆಯುವುದು ಇದೇ. ವ್ಯತ್ಯಾಸ ಅಂದರೆ ನೀರಿನ ಏರಿಳಿತ. ಊರಿನಲ್ಲಿ ಅದು ಎರಡು ಮೀಟರಿನ ಆಸುಪಾಸು. ಬಾಸ್ಟನ್‌ನಲ್ಲಿ ಸರಾಸರಿಯೇ ಮೂರು ಮೀಟರ್ ಹತ್ತಿರ. ಬೆಳಿಗ್ಗೆ ಮೀನು ಇದ್ದ ಕಲ್ಲು ಮಧ್ಯಾಹ್ನ ಒಣಗಿ ನಿಂತಿರುತ್ತದೆ. ನೀವು ನಿಂತ ಕಲ್ಲಿನ ಸುತ್ತ ನೀರು ಏರಿ ವಾಪಸು ಬರಲು ದಾರಿಯೇ ಇಲ್ಲದಂತಾಗುವುದೂ ಉಂಟು. ಬಂದ ದಾರಿಯ ಮೇಲೆ ಒಂದು ಕಣ್ಣು ಇರಲಿ.

ಮನೆಯಲ್ಲಿ ಪಂಚಾಂಗ ಇದೆಯಾ? ಇದ್ದರೆ ಅದನ್ನು ಗಾಳದ ಪೆಟ್ಟಿಗೆಯ ಜೊತೆ ಇಡಿ. ಬಾಸ್ಟನ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ತುಂಬು ಉಬ್ಬರ ಬರುವುದು ನಡುಮಧ್ಯಾಹ್ನ ಮತ್ತು ನಡುರಾತ್ರಿಯ ಸುಮಾರಿಗೆ. ಅಂದರೆ ನಡುರಾತ್ರಿಯಿಂದ ಬೆಳಗಿನವರೆಗೆ ಇಳಿತ ಓಡುತ್ತದೆ. ಹೊಳೆಬಾಯಿಗೆ ಇದು ಹೇಳಿ ಮಾಡಿಸಿದ ಹೊತ್ತು. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗಿ, ಅಷ್ಟಮಿ ಬರುವಷ್ಟರಲ್ಲಿ ತುಂಬು ಉಬ್ಬರ ಬೆಳಿಗ್ಗೆ, ಸಂಜೆ ಆರರ ಹತ್ತಿರಕ್ಕೆ ಬಂದಿರುತ್ತದೆ. ವೊಲಾಸ್ಟನ್‌ನಂಥ ಸಪಾಟು ತೀರಕ್ಕೆ ಬೇಕಾದದ್ದು ಇದೇ. ನಸುಕು ಬೆಳಕು, ಕೆಸರಿನ ಮೇಲೆ ಎದೆಮಟ್ಟದ ನೀರು, ಅದರೊಳಗೆ ಮೇಯಲು ಬಂದ ಮೀನು. ಸರಿಯಾದ ನಿಮಿಷ ಬೇಕಿದ್ದರೆ ಫೋನಿನಲ್ಲಿ ಉಬ್ಬರದ ಪಟ್ಟಿ ಇದ್ದೇ ಇದೆ. ಆದರೆ ತಿಂಗಳ ಮೊದಲೇ ರಜೆ ಹಾಕುವವರಿಗೆ ತಿಥಿಯ ಲೆಕ್ಕ ಬಹಳ ಸಲೀಸು.

ಮೇ ತಿಂಗಳಲ್ಲೇ ಇನ್ನೆರಡು ಅತಿಥಿಗಳು ಬರುತ್ತವೆ. ಒಂದು ಅಟ್ಲಾಂಟಿಕ್ ಮ್ಯಾಕರೆಲ್, ನಮ್ಮ ಬಂಗುಡೆಯ ನೆಂಟ. ಬಾಸ್ಟನ್ ಬಂದರಿನ ಆಳದ ನೀರಿಗೆ ಹಿಂಡುಹಿಂಡಾಗಿ ಬರುತ್ತದೆ. ಪುಟ್ಟ ಗರಿ ಕಟ್ಟಿದ ಐದಾರು ಕೊಕ್ಕೆಗಳ ಸಬಿಕಿ ದಾರ ಇಳಿಸಿ ಮೇಲೆ ಕೆಳಗೆ ಆಡಿಸಿದರೆ ಒಂದೇ ಸಲಕ್ಕೆ ಮೂರು ನಾಲ್ಕು ಏರುತ್ತವೆ. ಒಬ್ಬರಿಗೆ ದಿನಕ್ಕೆ 20ರ ಮಿತಿ ಇದೆ. ಜುಮ್ಮನಕಾಯಿ ಹಾಕಿ ಬಂಗುಡೆ ಸಾರು ಮಾಡುವ ಮನೆಗೆ ಇಷ್ಟು ಸಾಕು. ಇನ್ನೊಂದು ಬೊಂಡಾಸ, ಅಂದರೆ ಇಲ್ಲಿನವರ ಸ್ಕ್ವಿಡ್. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಕೇಪ್ ಕಾಡ್‌ನ ದಕ್ಷಿಣ ಬದಿ ಮತ್ತು ರೋಡ್ ಐಲ್ಯಾಂಡಿನ ನ್ಯೂಪೋರ್ಟ್ ಕಡೆಯ ಕಟ್ಟೆಗಳಲ್ಲಿ ರಾತ್ರಿ ದೀಪದ ಬೆಳಕಿಗೆ ಬರುತ್ತದೆ. ಕೊಕ್ಕೆಯ ಬದಲು ಸುತ್ತಲೂ ಮುಳ್ಳಿರುವ ಪುಟ್ಟ ಸ್ಕ್ವಿಡ್ ಜಿಗ್ ಬೇಕು. ಹಳೆಯ ಬಟ್ಟೆ ಹಾಕಿಕೊಂಡು ಹೋಗಿ. ಶಾಯಿ ಕಾರುವಾಗ ಅದು ಯಾರ ಮುಖವನ್ನೂ ನೋಡುವುದಿಲ್ಲ.

ಈಗ ಸಾಮಾನಿನ ಮಾತು. ಏಳು ಅಡಿಯ ರಾಡು, 4000 ಅಳತೆಯ ಸ್ಪಿನ್ನಿಂಗ್ ರೀಲು, 30 ಪೌಂಡಿನ ಬ್ರೇಡ್ ದಾರ, ಅದರ ತುದಿಗೆ ಒಂದು ಮಾರು ಫ್ಲೂರೊಕಾರ್ಬನ್ ದಾರ. ಲೂರ್‌ಗಳಲ್ಲಿ, ಅಂದರೆ ನಕಲಿ ಎರೆಗಳಲ್ಲಿ, ಬಿಳಿ ಬಣ್ಣದ ಮೆದು ಪ್ಲಾಸ್ಟಿಕ್ ಮೀನು, ಅದಕ್ಕೆ ಸೀಸದ ತಲೆಯ ಕೊಕ್ಕೆ. ನೀರಿನ ಮೇಲೆ ಚಿಮ್ಮುವ ಒಂದು ಟಾಪ್‌ವಾಟರ್. ದೂರ ಎಸೆಯಲು ಒಂದು ಲೋಹದ ತುಂಡು. ಮೊದಲ ವರ್ಷಕ್ಕೆ ಇದಕ್ಕಿಂತ ಜಾಸ್ತಿ ಕೊಳ್ಳುವುದು ದುಡ್ಡು ದಂಡ. ಅಂಗಡಿಯ ಗೋಡೆಯಲ್ಲಿ ನೇತಾಡುವ ಬಣ್ಣದ ಲೂರ್‌ಗಳಲ್ಲಿ ಅರ್ಧ ಮನುಷ್ಯರನ್ನು ಹಿಡಿಯಲೆಂದೇ ಮಾಡಿದವು. ಆ ದುಡ್ಡಿನಲ್ಲಿ ಒಳ್ಳೆಯ ಇಕ್ಕಳ, ತಲೆಗೆ ಕಟ್ಟುವ ದೀಪ, ಕಲ್ಲಿನ ಮೇಲೆ ಜಾರದಂತೆ ಮೊಳೆ ಇರುವ ಚಪ್ಪಲಿ ತನ್ನಿ. ಮನೆಗೆ ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಿರಿ.

ಹುಳು, ಚಿಪ್ಪಿನ ಮಾಂಸ, ಮೀನಿನ ತುಂಡು ಹಾಕಿ ಸ್ಟ್ರೈಪರ್ ಹಿಡಿಯುವುದಾದರೆ ಸರ್ಕಲ್ ಹುಕ್ ಕಡ್ಡಾಯ. ತುದಿ ಒಳಕ್ಕೆ ಬಾಗಿದ ಕೊಕ್ಕೆ ಅದು. ಊರಿನಲ್ಲಿ ಕಚ್ಚಿದ ತಕ್ಷಣ ಝಾಡಿಸಿ ಎಳೆಯುವುದು ಅಭ್ಯಾಸ. ಇದಕ್ಕೆ ಹಾಗೆ ಮಾಡಿದರೆ ಕೊಕ್ಕೆ ಬರೀ ಬಾಯಿಂದ ಜಾರಿ ಬರುತ್ತದೆ. ಮೀನು ಎರೆ ತೆಗೆದುಕೊಂಡು ತಿರುಗಲಿ. ನೀವು ಮೆಲ್ಲಗೆ ರೀಲು ಸುತ್ತುತ್ತಾ ಹೋಗಿ. ಕೊಕ್ಕೆ ತಾನಾಗಿ ದವಡೆಯ ಮೂಲೆಗೆ ಬಂದು ಕೂರುತ್ತದೆ. ಹೊಟ್ಟೆಗೆ ಇಳಿಯದ ಕಾರಣ ಬಿಟ್ಟ ಮೀನು ಬದುಕುತ್ತದೆ.

ಬಿಡುವ ವಿಷಯ ಇಲ್ಲಿ ದೊಡ್ಡದು. ಸ್ಟ್ರೈಪರ್ ಒಮ್ಮೆ ನೆಲ ಕಚ್ಚಿತ್ತು. 1980ರ ದಶಕದಲ್ಲಿ ಎಷ್ಟು ಕಡಿಮೆಯಾಯಿತೆಂದರೆ, ಮೇರಿಲ್ಯಾಂಡ್ ರಾಜ್ಯ 1985ರಿಂದ 1990ರವರೆಗೆ ಹಿಡಿಯುವುದನ್ನೇ ನಿಲ್ಲಿಸಿತು. ಅಮೆರಿಕದ ಸಂಸತ್ತು 1984ರಲ್ಲಿ ಇದೊಂದು ಮೀನಿಗಾಗಿಯೇ ಕಾಯ್ದೆ ಮಾಡಿತ್ತು. ಮೀನು ಚೇತರಿಸಿಕೊಂಡಿತು, 1995ರಲ್ಲಿ ಪೂರ್ತಿ ಸುಧಾರಿಸಿದೆ ಎಂದು ಸಾರಿದರು. ಈಗ ಮತ್ತೆ ಇಳಿಮುಖ. ಚೆಸಪೀಕ್‌ನಲ್ಲಿ 2019ರಿಂದ ಈಚೆಗೆ ಮರಿಗಳು ಸರಾಸರಿಗಿಂತ ಬಹಳ ಕಡಿಮೆ ಹುಟ್ಟುತ್ತಿವೆ. 2015ರಲ್ಲಿ ಹುಟ್ಟಿದ ದೊಡ್ಡ ಪೀಳಿಗೆಯನ್ನು ಉಳಿಸಲು 2023ರಲ್ಲಿ ನಿಯಮ ಬಿಗಿ ಮಾಡಿದರು. ಆ ನಿಯಮದಂತೆ ಒಬ್ಬರಿಗೆ ದಿನಕ್ಕೆ ಒಂದೇ ಮೀನು. ಅದೂ 28 ಇಂಚಿಗಿಂತ ಕಡಿಮೆ ಇರಬಾರದು, 31 ಮುಟ್ಟಬಾರದು. ಚಿಕ್ಕದಷ್ಟೇ ಅಲ್ಲ, ದೊಡ್ಡದನ್ನೂ ಬಿಡಲೇಬೇಕು. ಊರಿನಿಂದ ಬಂದವರಿಗೆ ಇದು ಜೀರ್ಣವಾಗಲು ಸ್ವಲ್ಪ ಕಷ್ಟ. ದೊಡ್ಡ ಮೀನು ಕೈಗೆ ಬಂದ ಮೇಲೆ ಬಿಡುವುದಾ ಅನ್ನಿಸುತ್ತದೆ. ಆದರೆ ಈ ಜಾತಿಯಲ್ಲಿ ಭಾರಿ ಗಾತ್ರದವು ಬಹುಪಾಲು ಹೆಣ್ಣು. ಮುಂದಿನ ವರ್ಷಗಳ ಮೀನು ಅದರ ಹೊಟ್ಟೆಯಲ್ಲೇ ಇದೆ. ನನಗೆ ಕೇಳಿದರೆ ಇದು ಸರಿಯಾದ ನಿಯಮ. ಅಳತೆ, ಸಂಖ್ಯೆ ವರ್ಷ ವರ್ಷ ಬದಲಾಗಬಹುದು, ಹಾಗಾಗಿ ಹೊರಡುವ ಮೊದಲು ರಾಜ್ಯದ ಸಾಗರ ಮೀನುಗಾರಿಕೆ ವಿಭಾಗದ ಪುಟ ನೋಡಿ.

ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ. ಮರಳಿನ ಮೇಲೆ ಎಳೆದಾಡಬೇಡಿ. ಫೋಟೋ ಬೇಕಿದ್ದರೆ ಮೊದಲೇ ಫೋನು ಸಿದ್ಧವಿಟ್ಟುಕೊಂಡು ಒಂದೇ ಸಲ ಎತ್ತಿ. ಹೊಟ್ಟೆಯ ಕೆಳಗೆ ಇನ್ನೊಂದು ಕೈ ಆಧಾರ ಇರಲಿ. ಆಮೇಲೆ ನೀರಿನಲ್ಲಿ ಬಾಯಿ ಹಿಡಿದು ನಿಲ್ಲಿಸಿ, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ. ಲೆಕ್ಕ ಹಾಕುವವರು ಬಿಟ್ಟ ನೂರು ಸ್ಟ್ರೈಪರ್‌ಗಳಲ್ಲಿ ಒಂಬತ್ತು ಸಾಯುತ್ತವೆ ಅಂತ ಹಿಡಿಯುತ್ತಾರೆ. ಆಗಸ್ಟ್‌ನ ಬಿಸಿ ನೀರಿನಲ್ಲಿ ಮೀನಿಗೆ ಸುಸ್ತು ಜಾಸ್ತಿ, ಆಗ ಬೇಗ ಎಳೆದು ಬೇಗ ಬಿಡಬೇಕು.

ಇನ್ನು ಕೇಪ್ ಕಾಡ್ ಕಾಲುವೆ. ಯಾರಾದರೂ ನಿಮಗೆ ಈಗಾಗಲೇ ಅದರ ಹೆಸರು ಹೇಳಿರುತ್ತಾರೆ. ಏಳು ಮೈಲಿ ಉದ್ದದ, ಹಡಗು ಹೋಗುವ ಕಾಲುವೆ ಅದು. ಒಂದು ತುದಿಯಲ್ಲಿ ಕೇಪ್ ಕಾಡ್ ಬೇ, ಅಲ್ಲಿ ನೀರು ಒಂಬತ್ತು ಹತ್ತು ಅಡಿ ಏರುತ್ತದೆ. ಇನ್ನೊಂದು ತುದಿಯಲ್ಲಿ ಬಜರ್ಡ್ಸ್ ಬೇ, ಅಲ್ಲಿ ಏರುವುದು ನಾಲ್ಕು ಅಡಿಯ ಹತ್ತಿರ. ಎರಡು ಕಡೆಯ ಉಬ್ಬರಕ್ಕೆ ಸುಮಾರು ಮೂರು ಗಂಟೆ ಅಂತರ. ಒಂದು ಕಡೆ ನೀರು ಎತ್ತರ, ಇನ್ನೊಂದು ಕಡೆ ತಗ್ಗು. ಆದ್ದರಿಂದ ಕಾಲುವೆಯೊಳಗೆ ನೀರು ನಾಲ್ಕು ನಾಟ್ ಮೀರಿ ಹೊಳೆಯ ಹಾಗೇ ಓಡುತ್ತದೆ, ದಿಕ್ಕು ಬದಲಿಸುತ್ತದೆ, ಮತ್ತೆ ಓಡುತ್ತದೆ. ಅದರಲ್ಲಿ ಮ್ಯಾಕರೆಲ್, ಹೆರಿಂಗ್ ಹಿಂಡು ಸಿಕ್ಕಿಹಾಕಿಕೊಂಡರೆ ದೊಡ್ಡ ಸ್ಟ್ರೈಪರ್‌ಗಳು ಮೇಲೆದ್ದು ನೀರನ್ನೇ ಒಡೆಯುತ್ತವೆ. ಮೇ ಕೊನೆಯಿಂದ ಜೂನ್‌ವರೆಗೆ, ಅಮಾವಾಸ್ಯೆ ಹುಣ್ಣಿಮೆಯ ಆಚೆ ಈಚೆ, ಬೆಳಗಿನ ಜಾವ ಇದನ್ನು ನೋಡಲು ಸಾಧ್ಯ. ದಡದ ರಸ್ತೆಯಲ್ಲಿ ಸೈಕಲ್ಲಿಗೆ ರಾಡು ಕಟ್ಟಿಕೊಂಡು ಜನ ಮೀನು ಓಡಿದ ಕಡೆಗೆ ಓಡುತ್ತಾರೆ.

ಆದರೆ ಮೊದಲ ವರ್ಷ ಅಲ್ಲಿಗೆ ನೋಡಲಷ್ಟೇ ಹೋಗಿ ಅನ್ನುತ್ತೇನೆ. ನಿಮ್ಮ ಏಳಡಿ ರಾಡು ಅಲ್ಲಿ ಸಾಲದು. ಮೂರು ನಾಲ್ಕು ಔನ್ಸ್ ಭಾರ ಎಸೆಯಲು ಹತ್ತಡಿಯ ರಾಡು ಬೇಕು. ಅಕ್ಕಪಕ್ಕ ಹತ್ತಡಿಗೊಬ್ಬರು ನಿಂತಿರುತ್ತಾರೆ. ಒಬ್ಬರ ನಂತರ ಒಬ್ಬರು, ಲೈನಿಗೆ ಸರಿಯಾಗಿ ಎಸೆಯಬೇಕು. ತಪ್ಪಿ ಎಸೆದರೆ ನಾಲ್ಕು ಜನರ ದಾರ ಸುತ್ತಿಕೊಂಡು ಬೈಗುಳ ಗ್ಯಾರಂಟಿ. ದಡವೆಲ್ಲ ಪಾಚಿ ಹಿಡಿದ ದೊಡ್ಡ ಕಲ್ಲು. ಎಂಟು ವರ್ಷದ ಮಗುವಿಗೆ ಅದು ಜಾಗ ಅಲ್ಲ.

ಮಗಳಿಗೆ ನನ್ನ ಶಿಫಾರಸು ಸ್ಕಪ್. ಅಂಗೈಗಿಂತ ಸ್ವಲ್ಪ ದೊಡ್ಡ, ಬೆಳ್ಳಿಬಣ್ಣದ ಅಗಲ ಮೀನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ನೀರಿನಲ್ಲಿ ರಾಶಿ ಇರುತ್ತದೆ, ಹಗಲಿನಲ್ಲೇ ಕಚ್ಚುತ್ತದೆ. ರೋಡ್ ಐಲ್ಯಾಂಡಿನ ಬ್ರಿಸ್ಟಲ್‌ನಲ್ಲಿರುವ ಕೋಲ್ಟ್ ಸ್ಟೇಟ್ ಪಾರ್ಕ್ ಒಳ್ಳೆಯ ಜಾಗ. ನೆರಳಿದೆ, ಹುಲ್ಲಿದೆ, ಬುತ್ತಿ ಕಟ್ಟಿಕೊಂಡು ಹೋಗಬಹುದು. ಪುಟ್ಟ ಕೊಕ್ಕೆ, ಒಂದು ಔನ್ಸ್ ಸೀಸ, ಬೊಂಡಾಸದ ಸಣ್ಣ ಚೂರು. ತಳ ಮುಟ್ಟಿಸಿ ದಾರ ಬಿಗಿ ಹಿಡಿಯಲು ಹೇಳಿ, ಅಷ್ಟೇ. ಮಕ್ಕಳಿಗೆ ಬೇಕಾದದ್ದು ಆಗಾಗ ಕಚ್ಚುವ ಮೀನು. ದೊಡ್ಡ ಮೀನಿಗೆ ಅರ್ಧ ದಿನ ಕಾಯುವ ತಾಳ್ಮೆ ನಮಗೇ ಇರುವುದಿಲ್ಲ, ಅವರಿಗೆಲ್ಲಿಂದ ಬರಬೇಕು? ಸ್ಕಪ್‌ನ ಬೆನ್ನಿನ ಮುಳ್ಳು ಚೂಪು. ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಮುಳ್ಳು ಮಲಗಿಸಿ ಹಿಡಿಯುವುದನ್ನು ತೋರಿಸಿಕೊಡಿ. ಇದಕ್ಕೂ ಕನಿಷ್ಠ ಅಳತೆ ಇದೆ, ಹಾಗಾಗಿ ಟೇಪು ಜೊತೆಗಿರಲಿ.

ಬೇಸಗೆಯಲ್ಲಿ ಸ್ಟ್ರೈಪರ್ ಬೇಕಿದ್ದರೆ ನಿದ್ದೆ ಬಿಡಬೇಕು. ಜುಲೈ, ಆಗಸ್ಟ್‌ನಲ್ಲಿ ಅದು ಹಗಲು ಆಳಕ್ಕೆ ಇಳಿದು ರಾತ್ರಿ ದಡಕ್ಕೆ ಬರುತ್ತದೆ. ಕತ್ತಲಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಸಣ್ಣ ಮೀನಿಗೆ ಕಾಣುವುದಿಲ್ಲ. ಹಲ್ ಎಂಬ ಊರಿನ ಪೆಂಬರ್ಟನ್ ಕಟ್ಟೆ ನಿಮಗೆ ದೂರವಲ್ಲ. ಪಕ್ಕದಲ್ಲೇ ಆಳದ ಸೆಳೆತ ಇರುವ ಜಾಗ ಅದು. ಬಂದರಿನೊಳಗೆ ಪೋಗಿ ಹಿಂಡು ಬಂದರೆ ಹಗಲಿನಲ್ಲೂ ಅವಕಾಶ ಇದೆ. ಪೋಗಿ ಅಂದರೆ ಮೆನ್‌ಹೇಡನ್, ನಮ್ಮ ಬೂತಾಯಿಯ ದೊಡ್ಡಪ್ಪನ ಮಗ ಅನ್ನಬಹುದು. ನೀರಿನ ಮೇಲೆ ಮಳೆ ಹನಿ ಬಿದ್ದ ಥರ ಪುಟಪುಟ ಕಂಡರೆ ಅದೇ. ಅದರ ಕೆಳಗೆ ದೊಡ್ಡ ಸ್ಟ್ರೈಪರ್ ಇರಬಹುದು, ಇಲ್ಲವೇ ಬ್ಲೂಫಿಶ್. ಬ್ಲೂಫಿಶ್‌ಗೆ ಕತ್ತರಿಯಂಥ ಹಲ್ಲು. ಮೆದು ಪ್ಲಾಸ್ಟಿಕ್ ಹಾಕಿದರೆ ಬಾಲವೇ ವಾಪಸು ಬರುವುದಿಲ್ಲ. ಲೋಹದ ಲೂರ್ ಹಾಕಿ, ತುದಿಗೆ ತಂತಿ ಕಟ್ಟಿ, ಇಕ್ಕಳ ಇಲ್ಲದೆ ಬಾಯಿಯ ಹತ್ತಿರ ಬೆರಳು ಒಯ್ಯಬೇಡಿ.

ಕೇಪ್ ಕಾಡ್‌ನ ಹೊರಗಿನ ಕಡಲ ತೀರದಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಬಿಳಿ ಶಾರ್ಕ್ ಓಡಾಡುತ್ತದೆ. 1972ರ ಕಾಯ್ದೆಯ ರಕ್ಷಣೆಯಲ್ಲಿ ಸೀಲ್‌ಗಳು ಹೆಚ್ಚಿವೆ, ಅವನ್ನು ತಿನ್ನಲು ಶಾರ್ಕ್ ಬರುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ವೆಲ್‌ಫ್ಲೀಟ್‌ನಲ್ಲಿ ಒಬ್ಬರ ಪ್ರಾಣವೇ ಹೋಯಿತು. ಸೊಂಟದ ನೀರಿಗೆ ಇಳಿದು ಗಾಳ ಹಾಕುವ ಜಾಗ ಅದಲ್ಲ. ಆದರೆ ನಿಮಗೆ ಶಾರ್ಕ್‌ಗಿಂತ ದೊಡ್ಡ ಅಪಾಯ ಮೇ ತಿಂಗಳ ನೀರು. ಮೇಲೆ ಬಿಸಿಲು ಹಿತವಾಗಿರುತ್ತದೆ, ಕೆಳಗೆ ನೀರು 10 ಡಿಗ್ರಿ. ಬಿದ್ದ ತಕ್ಷಣ ಉಸಿರು ಕಟ್ಟುತ್ತದೆ, ಈಜು ಬಂದರೂ ಕೈಕಾಲು ಮಾತು ಕೇಳುವುದಿಲ್ಲ. ಕುಮಟಾದ ಹೊಳೆಯಲ್ಲಿ ಈಜಿದ ಧೈರ್ಯವನ್ನು ಇಲ್ಲಿ ನಂಬಬೇಡಿ. ಕಯಾಕ್ ಹತ್ತುವವರು ಸೆಪ್ಟೆಂಬರ್ 15ರಿಂದ ಮೇ 15ರವರೆಗೆ ಲೈಫ್ ಜಾಕೆಟ್ ಹಾಕಲೇಬೇಕು ಅನ್ನುವ ಕಾನೂನು ಸುಮ್ನೆ ಬಂದದ್ದಲ್ಲ. ಉಳಿದ ತಿಂಗಳಲ್ಲೂ ಹಾಕಿಕೊಳ್ಳಿ.

ಸೆಪ್ಟೆಂಬರ್ ಬಂತು ಅಂದರೆ ಮತ್ತೆ ಹಗಲಿನ ಆಟ. ಆ ವರ್ಷ ಹುಟ್ಟಿದ ಪೋಗಿ ಮರಿಗಳು, ಸಿಲ್ವರ್‌ಸೈಡ್ ಹಿಂಡುಗಳು ಹೊಳೆಗಳಿಂದ ಹೊರಬರುತ್ತವೆ. ಸ್ಟ್ರೈಪರ್‌ಗಳು ದಕ್ಷಿಣಕ್ಕೆ ಹೊರಡುವ ಮೊದಲು ಮೈ ತುಂಬಿಸಿಕೊಳ್ಳುತ್ತವೆ. ಹಕ್ಕಿ ಎರಗುವ ಕಡೆ ನೋಡಿ. ಕೇಪ್ ಕಾಡ್‌ನ ದಕ್ಷಿಣದಲ್ಲಿ, ವುಡ್ಸ್ ಹೋಲ್ ಸುತ್ತ, ಆಲ್ಬಿ ಬರುವುದೂ ಆಗಲೇ. ಇದು ನಮ್ಮ ಕೇದರದ ಬಳಗ. ತಿನ್ನಲು ರುಚಿಯಿಲ್ಲ, ಆದರೆ ರೀಲಿನ ದಾರ ಎಳೆದು ಓಡುವುದರಲ್ಲಿ ಅದರ ಸಮ ಇಲ್ಲ. ಅಕ್ಟೋಬರ್ ಕಳೆದರೆ ಬಾಸ್ಟನ್‌ನಲ್ಲಿ ಸ್ಟ್ರೈಪರ್ ಮುಗಿದಂತೆ.

ತಿನ್ನುವ ಪ್ರಶ್ನೆಗೆ ಬರುತ್ತೇನೆ. ತಿನ್ನಬಹುದು, ಆದರೆ ಜಾಗ ಮತ್ತು ಜಾತಿ ನೋಡಬೇಕು. ಬ್ಲೂಫಿಶ್ ಇನ್ನೊಂದನ್ನು ತಿಂದು ಬೆಳೆಯುವ ಎಣ್ಣೆ ಮೀನು, ವಿಷವಸ್ತುಗಳು ಮೈಯಲ್ಲಿ ಸೇರಿಕೊಳ್ಳುತ್ತವೆ. ಬಸುರಿಯರು, ಬಾಣಂತಿಯರು, 12 ವರ್ಷದೊಳಗಿನ ಮಕ್ಕಳು ಅದನ್ನು ತಿನ್ನಬಾರದು ಎಂದು ರಾಜ್ಯದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಅಂದರೆ ನಿಮ್ಮ ಮಗಳಿಗೆ ಬೇಡ. ನ್ಯೂ ಬೆಡ್‌ಫರ್ಡ್ ಬಂದರಿನ ಒಳಗೆ ಹಳೆಯ ಕಾರ್ಖಾನೆಗಳ ಪಿಸಿಬಿ ವಿಷ ತಳದಲ್ಲಿ ಕೂತಿದೆ, ಅಲ್ಲಿ ಹಿಡಿದದ್ದನ್ನು ಯಾರೂ ತಿನ್ನಬಾರದು. ದಡದಲ್ಲಿ ಫಲಕ ಇದ್ದರೆ ಓದಿ. ಸ್ಕಪ್ ಎಲುಬು ಜಾಸ್ತಿ, ಆದರೆ ಸಿಹಿ ಮೀನು. ಹೊಟ್ಟೆ ತೆಗೆದು, ಎರಡೂ ಬದಿ ಗೀರಿ, ಮೆಣಸು ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರಿಯಿರಿ. ಊರಿನ ನೆನಪು ಬರುತ್ತದೆ. ಅಳತೆಗೆ ಸರಿಯಾದ ಸ್ಟ್ರೈಪರ್ ಸಿಕ್ಕರೆ ಬಿಳಿ, ಗಟ್ಟಿ ಮಾಂಸ. ತೆಂಗಿನಕಾಯಿ ಅರೆದ ಸಾರಿನಲ್ಲಿ ಒಡೆಯದೆ ನಿಲ್ಲುತ್ತದೆ. ಯಾವ ಮೀನೇ ಆಗಲಿ, ಹಿಡಿದ ತಕ್ಷಣ ಕಿವಿರು ಕೊಯ್ದು ರಕ್ತ ಇಳಿಸಿ ಐಸಿನಲ್ಲಿ ಹೂಳಿ.

ಆದರೆ ಇಲ್ಲಿನ ಕಡಲಲ್ಲಿ ತಿನ್ನಲು ಉತ್ತಮ ಯಾವುದು ಅಂದರೆ ನಾನು ಟಾಟಾಗ್ ಹೆಸರು ಹೇಳುತ್ತೇನೆ. ಎಲ್ಲರೂ ರಾಡು ಒಳಗಿಟ್ಟ ಮೇಲೆ, ಅಕ್ಟೋಬರ್ ಮಧ್ಯದಿಂದ ನವೆಂಬರ್‌ವರೆಗೆ ಅದರ ಕಾಲ. ಕಪ್ಪಗಿನ, ದಪ್ಪ ತುಟಿಯ ಮೀನು. ಬಂಡೆ ಸಂದಿಯಲ್ಲಿ ವಾಸ. ಏಡಿಯನ್ನು ಚಿಪ್ಪು ಸಮೇತ ಅಗಿಯುವ ಹಲ್ಲು. ಎರೆಗೆ ಹಸಿರು ಏಡಿ. ಯುರೋಪಿನಿಂದ 19ನೆಯ ಶತಮಾನದಲ್ಲಿ ಬಂದು ಇಲ್ಲಿನ ತೀರವೆಲ್ಲ ಹರಡಿದ ಪೀಡೆ ಅದು. ಅರ್ಧಕ್ಕೆ ಕತ್ತರಿಸಿ, ಕಾಲು ಮುರಿದ ತೂತಿನಲ್ಲಿ ಕೊಕ್ಕೆ ತೂರಿಸಿ, ಬಂಡೆಯ ಮಗ್ಗುಲಲ್ಲೇ ನೇರ ಕೆಳಗೆ ಬಿಡಬೇಕು. ಮೊದಲ ಟಕ್ ಟಕ್‌ಗೆ ಎಳೆಯಬೇಡಿ. ಅದು ಚಿಪ್ಪು ಒಡೆಯುವ ಸದ್ದು. ಆಮೇಲೆ ಒಂದು ಭಾರದ ಎಳೆತ ಬರುತ್ತದೆ. ಆಗ ರಾಡು ಎತ್ತಿ, ತಕ್ಷಣ ಸುತ್ತಿ. ಒಂದು ಕ್ಷಣ ಬಿಟ್ಟರೂ ಸಂದಿಯೊಳಗೆ ಹೊಕ್ಕು ದಾರ ಹರಿಯುತ್ತದೆ. ಸೀಸ ಕಳೆದುಕೊಳ್ಳದೆ ಟಾಟಾಗ್ ಹಿಡಿದವರಿಲ್ಲ. ಇದು ನಿಧಾನವಾಗಿ ಬೆಳೆಯುವ, ತನ್ನ ಬಂಡೆ ಬಿಟ್ಟು ಜಾಸ್ತಿ ದೂರ ಹೋಗದ ಮೀನು. ಆದ್ದರಿಂದ 16 ಇಂಚಿಗಿಂತ ಚಿಕ್ಕದು ಬೇಡ, 21 ಮೀರಿದ್ದು ಒಂದಕ್ಕಿಂತ ಜಾಸ್ತಿ ಬೇಡ ಅನ್ನುವ ನಿಯಮ ಇದೆ. ದಡದ ಬಂಡೆಗಳ ಮೇಲೆ ಆ ಚಳಿಯಲ್ಲಿ ನಿಲ್ಲುವ ಬದಲು ರೋಡ್ ಐಲ್ಯಾಂಡಿನ ಪಾಯಿಂಟ್ ಜೂಡಿತ್‌ನಿಂದ ಹೊರಡುವ, ಹಲವರು ಒಟ್ಟಿಗೆ ಗಾಳ ಹಾಕುವ ಪಾರ್ಟಿ ಬೋಟಿಗೆ ಟಿಕೆಟ್ ತೆಗೆದುಕೊಳ್ಳಿ. ರಾಡು, ಏಡಿ, ಹೇಳಿಕೊಡುವವರು ಎಲ್ಲ ಅಲ್ಲೇ ಸಿಗುತ್ತಾರೆ. ವಾಂತಿಯ ಮಾತ್ರೆಯನ್ನು ಹಿಂದಿನ ರಾತ್ರಿಯೇ ನುಂಗಿ. ನವೆಂಬರ್ ಅಲೆಗೆ ಮಲ್ಪೆ, ತದಡಿಯ ಅನುಭವ ಲೆಕ್ಕಕ್ಕೆ ಬರುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಾಸ್ಟನ್ ತೀರದಲ್ಲಿ ನಿಲ್ಲುವುದಕ್ಕೆ ನಾನಂತೂ ಹೇಳುವುದಿಲ್ಲ. ಮಗಳಿಗೆ ಹಿಮದ ಮೋಜು ಬೇಕಿದ್ದರೆ ಮೇನ್ ರಾಜ್ಯದ ಕೆನೆಬೆಕ್ ಹೊಳೆಯ ಕಡೆ ಹೋಗಿ. ಹೊಳೆ ಹೆಪ್ಪುಗಟ್ಟಿದಾಗ ಅದರ ಮೇಲೆ ಸಣ್ಣ ಗುಡಿಸಲು ಇಟ್ಟು, ಒಳಗೆ ಒಲೆ ಹಚ್ಚಿ, ಬಾಡಿಗೆಗೆ ಕೊಡುತ್ತಾರೆ. ನೆಲದಲ್ಲಿ ಮಂಜು ಕೊರೆದ ಸಂದಿಯೊಳಗೆ ದಾರ ಬಿಟ್ಟು ಬೆರಳುದ್ದದ ಸ್ಮೆಲ್ಟ್ ಹಿಡಿಯಬಹುದು. ಚಳಿ ಸಾಲದ ವರ್ಷ ಅದೂ ಇಲ್ಲ.

ಕೊನೆಗೆ ಪರ್ಮಿಟ್. 16 ವರ್ಷ ತುಂಬಿದವರಿಗೆ ಮ್ಯಾಸಚೂಸೆಟ್ಸ್‌ನ ಉಪ್ಪುನೀರಿನ ಪರ್ಮಿಟ್ ಬೇಕೇ ಬೇಕು. ಮಗಳಿಗೆ ಬೇಡ. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಇಲ್ಲಿನ ನಿವಾಸಿಯಾಗಿ ನಿಮ್ಮ ಪರ್ಮಿಟ್ ರೋಡ್ ಐಲ್ಯಾಂಡಿನಲ್ಲೂ ನಡೆಯುತ್ತದೆ. ಆದರೆ ಅಳತೆ, ಸಂಖ್ಯೆಯ ನಿಯಮ ಮಾತ್ರ ನೀವು ನಿಂತ ರಾಜ್ಯದ್ದು. ಪರ್ಮಿಟ್ ಅವಧಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ನೀವು ಯಾವ ತಿಂಗಳು ಮಾಡಿಸಿದರೂ ಅಷ್ಟೇ. ಹೋದ ವರ್ಷದ್ದು ಜೇಬಿನಲ್ಲಿದ್ದರೆ ಅದು ಈಗ ಬರೀ ಕಾಗದ. ಮೇ ಬರುವ ಮೊದಲೇ ಹೊಸದು ಮಾಡಿಸಿಕೊಳ್ಳಿ.